ಬಿಳಿಯನ್ನು ಬಿಳಿ ಎನ್ನುವ ಮಾನಿಟರ್

ಜೂನ್ ೩, ಮಂಗಳವಾರ

ನನ್ನ ಮಾನಿಟರ್‌ಗೆ ಕಾಮಾಲೆ ಬಂದಿದೆ. ಬಹಳ ದಿನದಿಂದ ಅನುಮಾನವಿತ್ತು, ಇವತ್ತು ಖಾತ್ರಿಯಾಯಿತು. ಬೆಳ್ಳಗಿರಬೇಕಾದದ್ದೆಲ್ಲ ರದ್ದಿ ಪೇಪರಿನ ಬಣ್ಣಕ್ಕೆ ತಿರುಗಿದೆ. ಪಾಪ, ವಯಸ್ಸಾಯಿತು. ಯಂತ್ರಗಳ ಮುಪ್ಪು ಮನುಷ್ಯರ ಮುಪ್ಪಿನಂತಲ್ಲ. ತಮಗೆ ವಯಸ್ಸಾದದ್ದು ಅವಕ್ಕೆ ತಿಳಿಯುವುದೇ ಇಲ್ಲ.

ಖಾತ್ರಿ ಮಾಡಿಕೊಟ್ಟವರು ಬೇಸಿನ್ ಸಾಹೇಬರು. ಊರಾಚೆಯ ಕಾರ್ಖಾನೆಯಲ್ಲಿ ವಾಶ್‌ಬೇಸಿನ್ನು, ಕಮೋಡು ತಯಾರಾಗುತ್ತವಲ್ಲ, ಅಲ್ಲಿ ಮಾರಾಟ ನೋಡಿಕೊಳ್ಳುವವರು. ಹೊಸ ಕ್ಯಾಟಲಾಗಿನ ಕೆಲಸ ನಮ್ಮ ಸ್ಟುಡಿಯೋಗೇ ಬಂದಿದೆ. ಟೈಲ್ಸಿನ ಸಣ್ಣ ತುಂಡುಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿ, "ಇವು ನಮ್ಮ ಐದು ಬಿಳಿ" ಅಂದರು. ಸ್ನೋ, ಮಿಲ್ಕ್, ಪರ್ಲ್, ಕ್ಲೌಡ್, ಐವರಿ.

"ಐದೂ ಬಿಳಿಯೇ ಸಾರ್. ಆದ್ರೆ ಐದೂ ಬೇರೆ ಬೇರೆ ಕಾಣ್ಬೇಕು. ಗಿರಾಕಿ ಪುಸ್ತಕ ನೋಡಿ ಒಂದು ಬಿಳಿ ಆರಿಸ್ತಾನೆ. ಮನೆಗೆ ಇನ್ನೊಂದು ಬಿಳಿ ಬಂತು ಅಂದ್ರೆ ಕಪ್ಪಾಗೋದು ನನ್ನ ಮುಖ."

"ಬಿಳಿಯ ಚಿಂತೆ ನನಗೆ ಬಿಡಿ," ಅಂದೆ.

ಅವರು ಹೋದ ಮೇಲೆ ಮಗಳು ಗಂಟಲು ಸರಿಮಾಡಿಕೊಂಡಳು. ನಮ್ಮಲ್ಲಿ ಕೆಲಸದ ಹಂಚಿಕೆ ಸ್ಪಷ್ಟ: ಅವಳು ಕ್ಯಾಮೆರಾದ ಬಟನ್ ಒತ್ತುತ್ತಾಳೆ, ನಾನು ಕಂಪ್ಯೂಟರಿನಲ್ಲಿ ಬಣ್ಣ ಕೊಡುತ್ತೇನೆ. ಒಳಕೋಣೆಯ ತಿರುಗುವ ಕುರ್ಚಿ ನನ್ನದು, ಪಕ್ಕದ ಸ್ಟೂಲು ಅವಳದು. ಸ್ಟೂಲಿನ ಮೇಲೆ ಕೂತು, "ಅಪ್ಪಾ, ಈ ಸಲ ಎಡಿಟಿಂಗ್ ಹೊರಗಡೆ ಕೊಡೋಣ್ವಾ? ನಿನಗೂ ಆಯಾಸ" ಅಂದಳು.

"ಆಯಾಸ ನನಗಲ್ಲ ತಾಯಿ, ಈ ಮಾನಿಟರಿಗೆ."

"ಒಂದ್ಸಲ ಕಣ್ಣು ತೋರಿಸ್ಕೊಂಡು ಬಾರಪ್ಪ."

"ನನ್ನ ಕಣ್ಣನ್ನ ಈ ಊರೆಲ್ಲ ನೋಡಿದೆ. ಗೋಡೆ ಮೇಲಿರೋ ಅಷ್ಟೂ ಫೋಟೋದಲ್ಲಿ ಇರೋದು ಅದೇ."

ಕೊನೆಗೆ ಒಪ್ಪಂದವಾಯಿತು. ಹೊಸ ಮಾನಿಟರ್ ತರುವುದು. ಕ್ಯಾಟಲಾಗು ಪಾಸಾದರೆ ಕುರ್ಚಿ ನನ್ನದೇ. ಫೇಲಾದರೆ ಎಡಿಟಿಂಗ್ ಹೊರಗೆ, ನಾನು ಮುಂದಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೋದ ರಸೀದಿ ಹರಿಯುವುದು. ಕತ್ತರಿ, ಗೋಂದು, ರಸೀದಿ! ರೀಲಿನ ಕಾಲದಲ್ಲಿ ಕತ್ತಲೆ ಕೋಣೆಯ ಕೆಂಪು ದೀಪದಲ್ಲೇ ಚರ್ಮದ ಬಣ್ಣ ಹೇಳುತ್ತಿದ್ದವನು ನಾನು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಒಮ್ಮೆ ನೋಡಿದರೆ ಮುಗಿಯಿತು. ಆ ಅಭ್ಯಾಸ ಈಗಲೂ ಇದೆ. ಕೈಯಲ್ಲಿ ಕ್ಯಾಮೆರಾ ಇರಲಿ, ಬಿಡಲಿ, ಬಣ್ಣದ ತೀರ್ಪು ಬಲಗಣ್ಣಿನದೇ. ಎಡಗಣ್ಣು ಯಾವತ್ತೋ ನಿವೃತ್ತ. ಮುಖಕ್ಕೆ ಜೋಡಿ ಇರಲಿ ಅಂತ ಇಟ್ಟುಕೊಂಡಿದ್ದೇನೆ.

ಜೂನ್ ೫, ಗುರುವಾರ

ಇಂಚಪ್ಪನ ಅಂಗಡಿಗೆ ಹೋಗಿದ್ದೆ. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಟಿವಿ, ಮಾನಿಟರ್, ಮೊಬೈಲು, ಏನು ಕೇಳಿದರೂ ಇಂಚಿನಲ್ಲೇ ಉತ್ತರ ಕೊಡುತ್ತಾನೆ.

"ಬನ್ನಿ ಸಾರ್, ಎಷ್ಟು ಇಂಚು?"

"ನನಗೆ ಇಂಚು ಬೇಡಪ್ಪ, ಬಿಳಿ ಬೇಕು."

"ಬಿಳಿ ಎಲ್ಲದ್ರಲ್ಲೂ ಬರುತ್ತೆ ಸಾರ್. ಇಂಚು ಮಾತ್ರ ಜೇಬಿಗೆ ತಕ್ಕ ಹಾಗೆ."

ಗೋಡೆಯ ತುಂಬ ಮಾನಿಟರು. ಎಲ್ಲದರಲ್ಲೂ ಒಂದೇ ಹೂತೋಟ, ಒಂದೇ ಗಾಳಿಗೆ ಒಟ್ಟಿಗೇ ಓಲಾಡುತ್ತಿತ್ತು. ಹೂ ತೋರಿಸಿ ಮಾನಿಟರ್ ಮಾರುವುದು ಜರಿಸೀರೆ ಉಡಿಸಿ ಹೆಣ್ಣು ತೋರಿಸಿದ ಹಾಗೆ. "ಹೂವು ತೆಗಿ. ಎಲ್ಲದ್ರಲ್ಲೂ ಬರೀ ಖಾಲಿ ಬಿಳಿ ಹಾಳೆ ಹಾಕು" ಅಂದೆ. ಹಾಕಿದ. ಅಂಗಡಿಯೊಳಗೆ ಬೆಳ್ಳಂಬೆಳಗಾಯಿತು. ಚಾರ್ಜರ್ ಕೊಳ್ಳಲು ಬಂದಿದ್ದ ಮುದುಕಿ ಕೈ ಅಡ್ಡ ಹಿಡಿದು ಹೊರಗೆ ಹೋದಳು. ನಾನು ಎಡಗಣ್ಣು ಮುಚ್ಚಿ ಈ ತುದಿಯಿಂದ ಆ ತುದಿಯವರೆಗೆ ಸೇನಾಪತಿಯಂತೆ ಪರಿಶೀಲಿಸಿದೆ.

ಎಲ್ಲವೂ ಹಳದಿ. ಒಂದೊಂದೂ!

"ಏನು ಇಂಚಪ್ಪ ಇದು, ಇಷ್ಟನ್ನೂ ಬಿಸಿಲಿಗೆ ಇಟ್ಟಿದ್ಯಾ?"

ಅವನು ಮಾನಿಟರುಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮಾನಿಟರುಗಳನ್ನು ನೋಡಿದ. ವ್ಯಾಪಾರಿ, ಗಿರಾಕಿಯ ಜೊತೆ ವಾದ ಮಾಡುವವನಲ್ಲ. "ಇದು ಸ್ವಲ್ಪ ಕಮ್ಮಿ ಹಳದಿ ಸಾರ್" ಅಂತ ಮೂಲೆಯದನ್ನು ತೋರಿಸಿದ. ಒಪ್ಪಬೇಕಾದ ಮಾತೇ. ತಂದೆ. ಹತ್ತು ದಿನದೊಳಗೆ ವಾಪಸ್ ಕೊಡಬಹುದಂತೆ.

ಜೂನ್ ೯, ಸೋಮವಾರ

ವಾಪಸ್ ಕೊಟ್ಟೆ. ಸ್ಟುಡಿಯೋಗೆ ತಂದ ಮೇಲೆ ಅದರ ಬಣ್ಣ ಬಯಲಾಯಿತು. ಕಮ್ಮಿ ಹಳದಿ ಅಂದರೂ ಹಳದಿಯೇ. ಬದಲಿಗೆ ಇನ್ನೊಂದು ತಂದಿದ್ದೇನೆ.

ಹಳದಿ ಈಗ ಮನೆಯೊಳಗೂ ಹಬ್ಬುತ್ತಿದೆ. ಒಗೆದಿಟ್ಟ ಬಿಳಿ ಅಂಗಿ ತೊಟ್ಟುಕೊಳ್ಳಲು ಹೋದರೆ ಇಸ್ತ್ರಿ ಸುಟ್ಟ ಹಾಗೆ ಕಾಣುತ್ತದೆ. ಹೆಂಡತಿಯನ್ನು ಕರೆದು ತೋರಿಸಿದೆ.

"ಏನೇ ಇದು, ಅಂಗಿ ಹೀಗಾಗಿದೆ?"

"ಹೇಗಾಗಿದೆ? ಬೆಳ್ಳಗೇ ಇದೆಯಲ್ರೀ."

"ಇದು ಬೆಳ್ಳಗೆ? ನೀಲಿ ಹಾಕೋದು ನಿಲ್ಲಿಸಿದೀಯಾ?"

"ಹೋದ ವಾರ ಎರಡು ಹನಿ ಹೆಚ್ಚಿಗೆ ಹಾಕು ಅಂದ್ರಿ, ಹಾಕ್ದೆ. ಅದಕ್ಕೆ ಮುಂಚೆ ಎರಡು ಹನಿ ಅಂದ್ರಿ, ಅದೂ ಹಾಕ್ದೆ. ಇನ್ನೂ ಹಾಕಿದ್ರೆ ನೀವು ಮಾಳಿಗೆ ಹತ್ತಿದಾಗ ಆಕಾಶದಲ್ಲಿ ಸಿಗೋದೇ ಇಲ್ಲ."

"ಸೋಪೇ ಸರಿ ಇಲ್ಲ. ಬದಲಾಯಿಸು," ಅಂದೆ. ಇವಳು, ಮದುವೆಯಾದ ಹೊಸದರಲ್ಲಿ ಮಾಡುತ್ತಿದ್ದ ಹಾಗೆ, ನನ್ನ ಕಾಲರು ಸರಿಮಾಡಿ ಹೋದಳು. ಯಾಕೋ.

ಜೂನ್ ೧೦, ಮಂಗಳವಾರ

ಎರಡನೆಯದೂ ಹಳದಿ.

ಜೂನ್ ೧೪, ಶನಿವಾರ

ಮೂರನೆಯದು ಬಂದಿದೆ. ಫೋಟೋ ಎಡಿಟಿಂಗಿಗೆಂದೇ ಹುಟ್ಟಿದ್ದಂತೆ. ಮಬ್ಬು ಗಾಜು, ಬೆಳಕು ಬೀಳದ ಹಾಗೆ ಸುತ್ತ ಕಪ್ಪು ಮರೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಕುದುರೆಯ ಹಾಗಿದೆ. ಇಂಚಪ್ಪ ಈ ಸಲ ಜೊತೆಗೆ ಕಂಪನಿಯ ತಂತ್ರಜ್ಞನನ್ನೂ ಕಳಿಸಿದ. ನನ್ನ ಮೇಲಿನ ಗೌರವದಿಂದ ಇರಬೇಕು.

ತಂತ್ರಜ್ಞ ಇಲಿಯಂಥ ಸಾಧನವೊಂದನ್ನು ಪರದೆಯ ಮೇಲೆ ತೂಗುಬಿಟ್ಟ. ಪರದೆ ಕೆಂಪು, ಹಸಿರು, ನೀಲಿ, ಬೂದು ಎಂದು ವೇಷ ಬದಲಾಯಿಸಿತು. ಇಲಿ ಎಲ್ಲವನ್ನೂ ಮೂಸಿ ನೋಡಿತು.

"ಪರ್ಫೆಕ್ಟ್ ಸಾರ್," ಅಂದ. "ಡೆಲ್ಟಾ ಇ ಒಂದಕ್ಕಿಂತ ಕಮ್ಮಿ."

"ಹಾಗಂದ್ರೆ?"

"ಬಣ್ಣ ಎಷ್ಟು ತಪ್ಪಿದೆ ಅನ್ನೋ ಅಳತೆ. ಒಂದಕ್ಕಿಂತ ಕಮ್ಮಿ ಇದ್ರೆ ಮನುಷ್ಯರ ಕಣ್ಣಿಗೆ ಗೊತ್ತೇ ಆಗಲ್ಲ."

"ನನಗೆ ಗೊತ್ತಾಗ್ತಿದೆಯಲ್ಲಪ್ಪ."

ಅವನು ಇಲಿಯ ಬಾಲ ಸುತ್ತಿ ಚೀಲಕ್ಕೆ ಹಾಕಿದ.

ಗೆದ್ದ ಸಂತೋಷದಲ್ಲಿ ನನ್ನ ಬೂದು ಕಾರ್ಡು ತಂದೆ. ಈ ಕಸುಬಿನಲ್ಲಿ ಸತ್ಯ ಅಂತ ಒಂದಿದ್ದರೆ ಅದು ಬೂದು ಕಾರ್ಡು: ಯಾವ ಬಣ್ಣದ ಕಡೆಗೂ ವಾಲದ ತಟಸ್ಥ ರಟ್ಟಿನ ತುಂಡು. ಫೋಟೋ ತೆಗೆಯುವಾಗ ಅದನ್ನು ಪಕ್ಕದಲ್ಲಿಟ್ಟು ಬಣ್ಣ ಹೊಂದಿಸಿಕೊಳ್ಳುತ್ತೇವೆ. ಪರದೆಯ ಮೇಲೂ ಬೂದು ಹಾಕಿಸಿ ಪಕ್ಕಕ್ಕೆ ಕಾರ್ಡು ಹಿಡಿದೆ. ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಂದರೆ ನನ್ನ ಕಾರ್ಡೂ ಹಳದಿಯಾಗಿದೆ! ತಟಸ್ಥರೂ ಈ ಕಾಲದಲ್ಲಿ ಪಕ್ಷ ಬದಲಾಯಿಸುತ್ತಾರೆ. ಹೊಸ ಕಾರ್ಡಿಗೆ ಆರ್ಡರ್ ಮಾಡಿದೆ.

ಮಗಳು ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಈ ಹುಡುಗಿಗೆ ತಾಳ್ಮೆ ಕಡಿಮೆ.

ಜೂನ್ ೧೭, ಮಂಗಳವಾರ

ಹೊಸ ಕಾರ್ಡೂ ಹಳದಿ. ಒಳಕೋಣೆಯ ಟ್ಯೂಬ್‌ಲೈಟು ಬದಲಾಯಿಸಿದೆ. ಅದೂ ಹಳದಿ. ಜಗತ್ತಿನ ಕಾರ್ಖಾನೆಗಳೆಲ್ಲ ಸೇರಿ ಯಾರಿಗೂ ಹೇಳದೆ ಬಿಳಿಯನ್ನು ಕೈಬಿಟ್ಟಂತಿದೆ. ಎಂಥೆಂಥದೋ ಸುದ್ದಿ ಹಾಕುತ್ತಾರೆ, ಇದನ್ನು ಮಾತ್ರ ಯಾವ ಪೇಪರೂ ಬರೆಯಲಿಲ್ಲ.

ಇಂಚಪ್ಪ ಫೋನು ಎತ್ತುತ್ತಿಲ್ಲ.

ಸರಿ, ಮಾನಿಟರನ್ನು ತಿದ್ದಲಾಗದಿದ್ದರೆ ಫೋಟೋವನ್ನೇ ತಿದ್ದುತ್ತೇನೆ. ಹಳದಿ ಕಂಡಲ್ಲೆಲ್ಲ ಅಷ್ಟಷ್ಟು ನೀಲಿ. ಇವಳು ಅಂಗಿಗೆ ಮಾಡುವುದೂ ಅದನ್ನೇ ತಾನೆ. ಕೆಲಸ ಶುರು.

ಜೂನ್ ೨೧, ಶನಿವಾರ

ಮುಗಿಯಿತು! ಐದು ಬಿಳಿ, ಐದು ಬೇಸಿನ್ನು. ಹಿಮದಂತೆ ಹಿಮ, ಹಾಲಿನಂತೆ ಹಾಲು. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ತುಂಬಿ ಬಂತು.

ಮಗಳು ಬೇರೆ ಊರಿನಲ್ಲಿ ಹೋಟೆಲೊಂದರ ಫೋಟೋ ತೆಗೆಯಲು ಹೋಗಿದ್ದಾಳೆ. "ನಾನು ಬಂದ್ಮೇಲೆ ಕಳಿಸೋಣ ಅಪ್ಪಾ, ಒಂದ್ಸಲ ಫೈಲ್ ನೋಡ್ತೀನಿ" ಅಂತ ಹೇಳಿಯೇ ಹೋಗಿದ್ದಳು. ಯಾವಾಗಲೂ ಹೀಗೆಯೇ, ಕಳಿಸುವ ಮುಂಚೆ ಏನೋ ಒಂದು ನೋಡುತ್ತಾಳೆ. ನೋಡಲು ಏನಿದೆ? ಪ್ರೆಸ್ಸಿಗೆ ನಾನೇ ಕಳಿಸಿಬಿಟ್ಟೆ. ಅವರು ಮೊದಲು ಮಾದರಿ ಹಾಳೆ ಅಚ್ಚು ಹೊಡೆದು ಬೇಸಿನ್ ಸಾಹೇಬರಿಗೆ ತಲುಪಿಸುತ್ತಾರೆ.

ಆ ಖುಷಿಯಲ್ಲಿ ಬ್ಯಾಂಕಿಗೆ ಹೋದೆ. ಒಳಗಿನ ಸಾಲು ಕರಗಲಿ ಅಂತ ಬಾಗಿಲ ಹತ್ತಿರ ಕಾಯುತ್ತಾ ನಿಂತಿದ್ದೆ. ಒಬ್ಬ ಬಂದು "ಟೋಕನ್ ಎಲ್ಲಿ ಕೊಡ್ತಾರೆ?" ಅಂದ. ತೋರಿಸಿದೆ. ಒಬ್ಬಳು ತಾಯಿ ಮಗುವಿಗೆ "ಗಲಾಟೆ ಮಾಡ್ಬೇಡ, ನೋಡು, ಅವ್ರು ಹಿಡ್ಕೊಂಡು ಹೋಗ್ತಾರೆ" ಅಂದಳು. ಮಗು ತಕ್ಷಣ ಸುಮ್ಮನಾಯಿತು. ಇನ್ನೊಬ್ಬರು ತಮ್ಮ ಸ್ಕೂಟರ್ ನೋಡಿಕೊಳ್ಳಲು ಹೇಳಿ ಒಳಗೆ ಹೋದರು. ವಯಸ್ಸಾದ ಹಾಗೆ ಮುಖಕ್ಕೆ ಒಂದು ಅಧಿಕಾರದ ಕಳೆ ಬರುತ್ತದೆ ಅನ್ನುವುದು ನಿಜ.

ಜೂನ್ ೨೬, ಗುರುವಾರ

ಇವತ್ತಿನದನ್ನು ಬರೆಯದೆ ಬಿಡಬೇಕು ಅನ್ನಿಸುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ವ್ಯಾನು ನಿಂತಿತು. ಬೇಸಿನ್ ಸಾಹೇಬರು ಇಳಿದರು. ಅವರ ಹಿಂದೆ ಇಬ್ಬರು ಒಂದು ವಾಶ್‌ಬೇಸಿನ್ನನ್ನು ಮದುಮಗಳ ಹಾಗೆ ನಾಜೂಕಾಗಿ ಇಳಿಸಿದರು. ಒಳಗೆ ತಂದು ನನ್ನ ಮಾನಿಟರಿನ ಪಕ್ಕದಲ್ಲೇ ಕೂರಿಸಿದರು. ಸಾಹೇಬರು ಬಗಲಿನಿಂದ ಪ್ರೆಸ್ಸಿನ ಮಾದರಿ ಹಾಳೆ ತೆಗೆದು ಬೇಸಿನ್ನಿನ ಮೇಲೆ ಹಾಸಿದರು.

"ಸಾರ್, ನಾವು ಮಾಡೋದು ಬೇಸಿನ್ನು. ಈಜುಕೊಳ ಅಲ್ಲ."

"ಏನಾಯ್ತು?"

"ಏನಾಯ್ತು ಅಂತ ನೀವು ಹೇಳಿ. ಇದು ಸ್ನೋ ವೈಟಾ?"

ಹಾಳೆ ನೋಡಿದೆ. ಎಡಗಣ್ಣು ಮುಚ್ಚಿ ಮತ್ತೊಮ್ಮೆ ನೋಡಿದೆ. ಅಪ್ಪಟ ಹಿಮ. "ಇದಕ್ಕಿಂತ ಬಿಳಿ ಇನ್ನೆಲ್ಲಿದೆ ಸ್ವಾಮಿ?"

"ಇಲ್ಲಿದೆ," ಅಂತ ಅವರು ಬೇಸಿನ್ನಿನ ಅಂಚು ತಟ್ಟಿದರು. ಅದು ಗಂಟೆಯ ಹಾಗೆ ಠಣ್ ಅಂದಿತು.

ನನಗೆ ನಗು ಬಂತು. ಪಾಪ, ತಮ್ಮ ಮಾಲಿನ ಮೇಲೆ ಎಂಥ ಮೋಹ! ಮೆತ್ತಗೆ ಹೇಳಿದೆ: "ಸಾಹೇಬ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೇಸಿನ್ನು ಹಳದಿ. ಭಟ್ಟಿಯಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ. ಸ್ವಲ್ಪ ಯಾರಿಗಾದ್ರೂ ತೋರಿಸಿ."

ಹೊತ್ತು ತಂದ ಇಬ್ಬರೂ ತಮ್ಮ ಬೇಸಿನ್ನನ್ನು ಬಗ್ಗಿ ನೋಡಿದರು. ಸಾಹೇಬರ ಮುಖ ಮಾತ್ರ ಬಿಳಿಚಿಕೊಂಡಿತು. ಯಾವ ಬಿಳಿ ಅಂತ ಹೇಳಲಾರೆ. ಅವರ ಐದರಲ್ಲಿ ಇಲ್ಲದ್ದು.

ಆಗ ಮಗಳು ಎದ್ದು ಬಂದಳು. ನನ್ನ ಕುರ್ಚಿಯ ಹಿಂದೆ ನಿಂತು ಎರಡೂ ಹೆಗಲ ಮೇಲೆ ಕೈಯಿಟ್ಟಳು.

"ಅಪ್ಪಾ, ಒಂದು ಕೆಲಸ ಮಾಡು. ಬಲಗಣ್ಣು ಮುಚ್ಚು."

"ಬಲಗಣ್ಣಾ? ಯಾವತ್ತೂ ಮುಚ್ಚೋದು ಎಡಗಣ್ಣಲ್ವೇನೇ?"

"ಅದೇ. ಇವತ್ತೊಂದು ದಿನ ಎಡಗಣ್ಣನ್ನ ಡ್ಯೂಟಿಗೆ ಕರಿ."

ಬಲಗಣ್ಣು ಮುಚ್ಚಲು ನನಗೆ ಬರಲೇ ಇಲ್ಲ. ಇಷ್ಟು ವರ್ಷದ ಅಭ್ಯಾಸ. ಅದನ್ನು ಮುಚ್ಚಲು ಹೋದರೆ ಎರಡೂ ಮುಚ್ಚಿಕೊಳ್ಳುತ್ತವೆ, ಬಾಯಿ ಮಾತ್ರ ತೆರೆದುಕೊಳ್ಳುತ್ತದೆ. ಕೊನೆಗೆ ಅವಳೇ ತನ್ನ ಅಂಗೈ ಅಡ್ಡ ಇಟ್ಟಳು.

ಬೇಸಿನ್ನು ಬೆಳ್ಳಗಾಯಿತು.

ಯಾರೂ ಮುಟ್ಟಲಿಲ್ಲ, ದೀಪ ಬದಲಾಯಿಸಲಿಲ್ಲ. ಕಣ್ಣೆದುರಿಗೇ ಬೇಸಿನ್ನು ಮುಖ ತೊಳೆದುಕೊಂಡು ಎದ್ದ ಹಾಗಾಯಿತು. ಪಕ್ಕದ ಮಾನಿಟರೂ ಬೆಳ್ಳಗಾಯಿತು. ಬೂದು ಕಾರ್ಡು ಬೂದಾಯಿತು. ಹಾಳೆಯ ಮೇಲಿನ ನನ್ನ ಅಪ್ಪಟ ಹಿಮ ಮಾತ್ರ ನೀಲಿ. ಐದೂ ನೀಲಿ. ಚಳಿಗೆ ಸಿಕ್ಕಿ ತುಟಿ ನೀಲಿಗಟ್ಟಿದವರ ಹಾಗೆ ಐದು ಬೇಸಿನ್ನು. ಅವಳು ಕೈ ತೆಗೆದಳು: ಹಳದಿ. ಇಟ್ಟಳು: ಬಿಳಿ. ತೆಗೆದಳು, ಇಟ್ಟಳು. ನನ್ನ ಅಂಗಿಯ ಕಡೆ ನೋಡಿಕೊಳ್ಳುವ ಧೈರ್ಯ ಮಾತ್ರ ಆಗಲಿಲ್ಲ.

ಬೇಸಿನ್ ಸಾಹೇಬರು ಒಳ್ಳೆಯ ಮನುಷ್ಯ. ಜಗಳಕ್ಕೆ ಬಂದವರು ಸ್ಟೂಲು ಎಳೆದುಕೊಂಡು ಕೂತರು. "ನಮ್ಮ ತಾಯಿಗೂ ಹೀಗೇ ಆಗಿತ್ತು ಸಾರ್. ಹಾಲು ಕೆಟ್ಟಿದೆ ಅಂತ ಹಾಲಿನವನ ಹತ್ರ ದಿನಾ ಜಗಳ ಆಡೋರು" ಅಂದರು. ಎದ್ದು ಹೋಗುವಾಗ ಮಗಳ ಕಡೆ ತಿರುಗಿ, "ಜುಲೈ ಕೊನೆಗೆ ಪುಸ್ತಕ ಪ್ರೆಸ್ಸಿಗೆ ಹೋಗ್ಲೇಬೇಕಮ್ಮ. ಯಾರು ಮಾಡ್ತೀರಿ ಅಂತ ನಾನು ಕೇಳಲ್ಲ" ಅಂದರು. ಕೇಳಲ್ಲ ಅನ್ನುವುದನ್ನು ಅವಳ ಕಡೆಗೇ ತಿರುಗಿ ಹೇಳಿದ್ದು ನನ್ನ ಗಮನಕ್ಕೆ ಬಂತು. ಬೇಸಿನ್ನನ್ನು ಇಲ್ಲೇ ಬಿಟ್ಟು ಹೋದರು.

"ಹಾಗಾದ್ರೆ," ಅಂದೆ ಮಗಳಿಗೆ, "ಇಷ್ಟು ತಿಂಗಳು ನಾನು ಬಣ್ಣ ಕೊಟ್ಟು ಕಳಿಸಿದ ಫೋಟೋಗಳು? ಯಾರೂ ನೀಲಿ ಅಂತ ವಾಪಸ್ ತರಲಿಲ್ಲವಲ್ಲ?"

ಅವಳು ಒಂದು ಲೆನ್ಸ್ ತಗೊಂಡು ಒರೆಸಲು ಶುರುಮಾಡಿದಳು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

"ನೀನು ಕಾಫಿಗೆ ಎದ್ದು ಹೋದಾಗ ಸ್ವಲ್ಪ ನೀಲಿ ಕಮ್ಮಿ ಮಾಡ್ತಿದ್ದೆ."

"ಬಾಯಿಬಿಟ್ಟು ಹೇಳ್ಬಾರ್ದಿತ್ತೇನೇ?"

"ಹೇಳಿದ್ನಲ್ಲಪ್ಪಾ. ನೀನು ಮಾನಿಟರ್ ತಂದೆ."

ಜೂನ್ ೨೭, ಶುಕ್ರವಾರ

ಪೊರೆ. ಎರಡು ಕಣ್ಣಿಗೂ. ಬಲಗಣ್ಣಿನದು ಚೆನ್ನಾಗಿ ಮಾಗಿದೆಯಂತೆ, ಎಡಗಣ್ಣಿನದು ಇನ್ನೂ ಕಾಯಿ.

ಕಣ್ಣಿನ ಡಾಕ್ಟ್ರಿಗೆ ನಮ್ಮ ಮಗಳ ವಯಸ್ಸು. ನನ್ನ ಕಥೆಯನ್ನೆಲ್ಲ ಕೇಳಿ, ಮುಖವನ್ನು ಫೈಲಿನ ಹಿಂದೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ಈಚೆ ಬಂದರು.

"ನಿಮ್ಮ ಮೂರು ಮಾನಿಟರೂ ಚೆನ್ನಾಗೇ ಇದ್ವು. ನಿಮ್ಮ ಕಣ್ಣೊಳಗಿನ ಲೆನ್ಸು ಹಳದಿಯಾಗಿದೆ, ಅಷ್ಟೇ. ತೆಗೆದು ಹೊಸದು ಹಾಕ್ತೀವಿ."

ಲೆನ್ಸ್ ಎಂದ ಕೂಡಲೇ ನನಗೆ ಉಸಿರು ಬಂತು. ಇದು ನಮ್ಮ ಇಲಾಖೆ. ನೇರವಾಗಿ ಕೂತೆ. "ಯಾವ ಕಂಪನಿದು? ಕೋಟಿಂಗ್ ಇದೆಯಾ? ಅಂಚಿನಲ್ಲಿ ಬಣ್ಣ ಸೋರುತ್ತಾ? ಫೋಕಸ್ ಹತ್ತಿರದ್ದಾ, ದೂರದ್ದಾ?"

"ಎರಡು ಥರ ಇದೆ. ಪೂರ್ತಿ ತಿಳಿಯಾಗಿರೋದು ಒಂದು. ಸ್ವಲ್ಪ ಹಳದಿ ಛಾಯೆ ಇರೋದು ಒಂದು..."

"ಹಳದಿ ಬೇಡ!"

ನಾನು ಕೂಗಿದ್ದು ಸ್ವಲ್ಪ ಜೋರಾಯಿತು. ಹೊರಗೆ ಕೂತಿದ್ದವರೊಬ್ಬರು ಬಾಗಿಲು ತೆರೆದು ಇಣುಕಿದರು.

"ಬೇಡ ಅಂದ್ರೆ ಬೇಡ. ತಿಳಿಯದ್ದೇ ಹಾಕೋಣ," ಅಂದರು ಡಾಕ್ಟ್ರು. "ಇನ್ನೇನಾದ್ರೂ ಕೇಳೋದಿದೆಯಾ?"

"ವಾಪಸ್ ಕೊಡೋಕೆ ಎಷ್ಟು ದಿನ ಟೈಮಿದೆ?"

ಇವಳು ಪಕ್ಕದಿಂದ ತಿವಿದಳು. "ಇವ್ರು ಇಂಚು ಎಷ್ಟು ಅಂತ ಕೇಳೋದೊಂದು ಬಾಕಿ ಡಾಕ್ಟ್ರೇ."

ಮನೆಗೆ ಬರುತ್ತಾ ದಾರಿಯಲ್ಲಿ ಪೊರೆ ಅನ್ನುವ ಮಾತನ್ನೇ ನಾಲಿಗೆಯ ಮೇಲೆ ಉರುಳಿಸುತ್ತಾ ಬಂದೆ. ಕಾಲೇಜಿನಲ್ಲಿ ಹಳೆಗನ್ನಡದ ಪಾಠದಲ್ಲಿ ಪೊರೆ ಅಂದರೆ ಕಾಪಾಡು. ಇಷ್ಟು ದಿನ ಇದು ಕಾಪಾಡಿದ್ದು ನನ್ನ ಜಂಬವನ್ನು.

ಜುಲೈ ೨, ಬುಧವಾರ

ಬಲಗಣ್ಣಿಗೆ ಮುಂದಿನ ವಾರ ಆಪರೇಷನ್. ಅಲ್ಲಿಯವರೆಗೆ ಕನ್ನಡಕದ ಬಲಗಾಜಿಗೆ ಕ್ಯಾಮೆರಾದ ಲೆನ್ಸ್ ಮುಚ್ಚಳ ಅಂಟಿಸಿಕೊಂಡು ಓಡಾಡುತ್ತಿದ್ದೇನೆ. ಪಾಸ್‌ಪೋರ್ಟ್ ಫೋಟೋಗೆ ಬಂದ ಹುಡುಗಿಯೊಬ್ಬಳು ನನ್ನ ಮುಖ ನೋಡಿ ನಗುವುದು ನಿಲ್ಲಿಸಲೇ ಇಲ್ಲ. ಪಾಸ್‌ಪೋರ್ಟ್ ಫೋಟೋದಲ್ಲಿ ನಗಬಾರದು. ಎಷ್ಟು ಸಲ ತೆಗೆದರೂ ಹಲ್ಲು. ಕೊನೆಗೆ ನನ್ನನ್ನು ಹೊರಗೆ ಕಳಿಸಿ ಮಗಳು ತೆಗೆದಳು.

ಕ್ಯಾಟಲಾಗು ಮೊದಲಿನಿಂದ ಶುರುವಾಗಿದೆ. ಮೌಸು ಅವಳ ಕೈಯಲ್ಲಿ. ಹಾಗಾಗಿ ಮಾನಿಟರಿನ ನೇರಕ್ಕೆ ಅವಳೇ ಕೂರಬೇಕಾಯಿತು. ನಾನು ಪಕ್ಕದಿಂದ ಹೇಳುತ್ತೇನೆ. ತಾತ್ಕಾಲಿಕ. ಬಣ್ಣ ಅಳೆಯುವ ಆ ಇಲಿಯನ್ನು ಇಂಚಪ್ಪನಿಂದ ಬಾಡಿಗೆಗೆ ತಂದಿದ್ದೇವೆ. ತರಲು ನಾನೇ ಹೋಗಿದ್ದೆ. ಲೆನ್ಸ್ ಮುಚ್ಚಳ ನೋಡಿ ಅವನು ಏನೂ ಕೇಳಲಿಲ್ಲ. "ಸಾರ್, ಆ ಮೂರನೇ ಮಾನಿಟರ್ ವಾಪಸ್ ತಗೋಬೇಕಾ?" ಅಂದ. ಬೇಡ ಅಂದೆ. "ಬಹಳ ಒಳ್ಳೇ ಮಾನಿಟರ್ ಇಂಚಪ್ಪ" ಅಂದೆ. ಅವನು ಕುರ್ಚಿ ಹಿಡಿದುಕೊಂಡು ಕೂತ.

ಜುಲೈ ೫, ಶನಿವಾರ

ಪರ್ಲ್, ಕ್ಲೌಡ್, ಐವರಿ ಸರಿಹೋದವು. ಮಾದರಿ ಹಾಳೆ ಬಂತು, ಬೇಸಿನ್ನು ಬೇಸಿನ್ನಾಗಿದೆ. ಸಿಕ್ಕಿಹಾಕಿಕೊಂಡಿರುವುದು ಸ್ನೋ ಮತ್ತು ಮಿಲ್ಕ್. ಟೈಲ್ಸಿನಲ್ಲಿ ಬೇರೆ ಬೇರೆ, ಕಾಗದಕ್ಕೆ ಬಂದ ಕೂಡಲೇ ಅವಳಿಜವಳಿ. ಮಗಳು ಹೊರಗಿನ ಎಡಿಟರ್ ಒಬ್ಬರಿಗೆ ಫೋನು ಮಾಡಿದಳಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಏನಂದ್ರು?"

"ಕೊನೇ ವಾರ ಬರ್ತೀನಿ ಅಂದ್ರು. ಅಷ್ಟ್ರೊಳಗೆ ನಮಗೇ ಆಗದಿದ್ರೆ."

ನಮಗೇ ಅಂದಳು. ನಿನಗೆ ಅನ್ನಲಿಲ್ಲ.

ಜುಲೈ ೮, ಮಂಗಳವಾರ

ನಾಳೆ. ಭಯವಿಲ್ಲ. ಲೆನ್ಸ್ ಬದಲಾಯಿಸುವುದು ಎಷ್ಟೋ ಸಾವಿರ ಸಲ ಮಾಡಿದ್ದೇನೆ. ಈ ಸಲ ಕ್ಯಾಮೆರಾ ನಾನು, ಅಷ್ಟೇ.

ಕ್ಯಾಮೆರಾ ಮಾತ್ರ ಇವತ್ತು ಮೂರು ಸಲ ದೇವರ ಮನೆಗೆ ಹೋಗಿ ಬಂತು.

ಜುಲೈ ೧೦, ಗುರುವಾರ

ಪಟ್ಟಿ ಬಿಚ್ಚಿದರು. ಮೊದಲು ಕಂಡದ್ದು ಡಾಕ್ಟ್ರ ಕೋಟು. ಏನು ಬಿಳಿ! ಏನು ಬಿಳಿ! ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇಲ್ಲದ ಬಿಳಿ. ಬಾಗಿಲ ಪರದೆ ನೀಲಿ. ಔಷಧಿ ಸೀಸೆಯ ಮುಚ್ಚಳ ನೇರಳೆ.

ಮನೆಗೆ ಬಂದವನೇ ಬೀರು ತೆಗೆದೆ. ಸಾಲಾಗಿ ನನ್ನ ಬಿಳಿ ಅಂಗಿಗಳು. ಒಂದೂ ಬಿಳಿಯಲ್ಲ. ಈ ತುದಿಯಲ್ಲಿ ಬೆಳಗಿನ ಆಕಾಶ, ಆ ತುದಿಯಲ್ಲಿ ಸಂಜೆಯದು. ಬ್ಯಾಂಕಿನ ಬಾಗಿಲಲ್ಲಿ ನಿಂತದ್ದು, ಆ ಮಗು, ಆ ಸ್ಕೂಟರು, ಎಲ್ಲ ಒಟ್ಟಿಗೇ ನೆನಪಾಯಿತು.

"ಇಷ್ಟು ದಿನ ನನ್ನನ್ನ ಸೆಕ್ಯುರಿಟಿ ಗಾರ್ಡ್ ಮಾಡಿ ಊರು ಸುತ್ತಿಸಿದೀಯಲ್ಲೇ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ," ಅಂದಳು ಇವಳು. "ನೀವು ಸೋಪು ಬದಲಾಯಿಸಿದ್ರಿ."

ಈ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಹೇಳಿದ್ದಾರೆ.

ಜುಲೈ ೨೨, ಮಂಗಳವಾರ

ಡಾಕ್ಟ್ರು ಒಂದು ಗಂಟೆ ಪರದೆ ನೋಡಬಹುದು ಅಂದರು. ಕಪ್ಪು ಕನ್ನಡಕ ತೆಗೆದಿಟ್ಟು ಒಳಕೋಣೆಗೆ ಹೋದೆ. ಬಂದು ಬಂದು ಕಾಲು ಸ್ಟೂಲಿನ ಕಡೆಗೇ ಹೋಯಿತು, ಕೂತೆ. ಮಗಳು ಸ್ನೋ ಬೇಸಿನ್ನನ್ನು ಪರದೆಗೆ ತಂದಳು. ಪಕ್ಕದಲ್ಲಿ ನಿಜವಾದ ಬೇಸಿನ್ನು, ಅದರೊಳಗೆ ಹಳೆಯ ಮಾದರಿ ಹಾಳೆಗಳು, ಪೆನ್ನು, ಅವಳ ಅರ್ಧ ಕುಡಿದ ಕಾಫಿ.

"ನೋಡಪ್ಪ. ನನಗಂತೂ ಸ್ನೋ ಯಾವುದು ಮಿಲ್ಕ್ ಯಾವುದು ಅಂತ ತಲೆ ಕೆಟ್ಟಿದೆ."

ಎಡಗಣ್ಣು ಮುಚ್ಚಿದೆ. ತಾನಾಗಿಯೇ ಮುಚ್ಚಿಕೊಂಡಿತು.

"ಸ್ನೋ ಸರಿಯಾಗಿದೆ. ಅದನ್ನ ಮುಟ್ಟಬೇಡ. ತಪ್ಪಿರೋದು ಮಿಲ್ಕು. ನೆರಳಿನ ಜಾಗದಲ್ಲಿ, ಅಲ್ಲಿ, ತೂತಿನ ಸುತ್ತ, ಒಂದು ಚೂರು ನೀಲಿ ಉಳ್ಕೊಂಡಿದೆ. ತೆಗಿ."

"ನೀಲಿ... ತೆಗೀಬೇಕಾ?" ಅಂದಳು. ಈ ಬಾಯಿಂದ ಆ ಮಾತು ಅವಳು ಯಾವತ್ತೂ ಕೇಳಿರಲಿಲ್ಲ.

ತೆಗೆದಳು. ಟೈಲ್ಸ್ ಹಿಡಿದು ನೋಡಿದಳು, ಕಿಟಕಿಯ ಹತ್ತಿರ ಹೋಗಿ ನೋಡಿದಳು. ಪ್ರಿಂಟ್ ತೆಗೆದು ಮತ್ತೆ ನೋಡಿದಳು. ಹಿಮ ಹಿಮವಾಗಿತ್ತು, ಹಾಲು ಹಾಲಾಗಿತ್ತು. ಸಂಜೆಗೆ ಬೇಸಿನ್ ಸಾಹೇಬರು ಬಂದು ಐದು ಹಾಳೆಗಳ ಮೇಲೂ ಸಹಿ ಮಾಡಿದರು. "ಬೇಸಿನ್ನು ನಿಮಗೇ ಇರ್ಲಿ ಸಾರ್," ಅಂದರು. ಮಗಳು ಹೊರಗಿನ ಎಡಿಟರಿಗೆ ಫೋನು ಮಾಡಿ ಬೇಡ ಅಂದಳು. ನನ್ನೆದುರಿಗೇ, ಜೋರಾಗಿ.

ಒಪ್ಪಂದದ ಪ್ರಕಾರ ಕುರ್ಚಿ ನನ್ನದು. ಆದರೆ ಈ ಸ್ಟೂಲಿನಿಂದ ಪರದೆ ಮತ್ತು ಅವಳ ಮುಖ ಎರಡೂ ಕಾಣುತ್ತವೆ. ಕುರ್ಚಿಯಿಂದ ಬರೀ ಪರದೆ. ಸ್ಟೂಲು ಸ್ವಲ್ಪ ಗಿಡ್ಡ. ಒಂದು ದಿಂಬು ಹಾಕಿಕೊಂಡರೆ ಸರಿಹೋಗುತ್ತದೆ.

ಜುಲೈ ೨೭, ಭಾನುವಾರ

ಎಡಗಣ್ಣಿಗೆ ಮುಂದಿನ ತಿಂಗಳು. ಅಲ್ಲಿಯವರೆಗೆ ನನ್ನ ಮುಖದಲ್ಲಿ ಎರಡು ಮಾನಿಟರಿವೆ. ಬಲಗಡೆ ಹೊಸದು, ಎಡಗಡೆ ಹಳೆಯದು. ಅವತ್ತು ಬೇಸಿನ್ನನ್ನು ಬೆಳ್ಳಗೆ ತೋರಿಸಿದ ಎಡಗಣ್ಣೂ ಹೊಸದರ ಪಕ್ಕದಲ್ಲಿ ಹಳದಿಯೇ. ಇವತ್ತು ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಒಂದಾದ ಮೇಲೊಂದು ಮುಚ್ಚಿ ತೆರೆದು ಹೋಲಿಸಿ ನೋಡುತ್ತಿದ್ದೆ. ಎದುರಿಗೆ ಇವಳು ಕೂದಲು ಬಾಚಿಕೊಳ್ಳುತ್ತಿದ್ದಳು. ಹೊಸ ಕಣ್ಣಲ್ಲಿ ಅವಳ ನರೆ ಒಂದೊಂದೂ ಬೆಳ್ಳಿ ತಂತಿ, ಕಣ್ಣಿನ ಪಕ್ಕದ ಗೆರೆಗಳು ಎಣಿಸಬಹುದಾದಷ್ಟು ಚೂಪು.

"ಏನ್ರೀ ಅದು, ನನ್ನ ನೋಡಿ ಕಣ್ಣು ಹೊಡೀತಿದೀರಾ, ಈ ವಯಸ್ಸಲ್ಲಿ?"

"ಟೆಸ್ಟಿಂಗು ಕಣೇ. ಯಾವ ಮಾನಿಟರಿನಲ್ಲಿ ನೀನು ಹೇಗೆ ಕಾಣ್ತೀಯ ಅಂತ."

"ಹೊಸದ್ರಲ್ಲಿ ಹೇಗಿದೀನಿ?"

ಇಷ್ಟು ವರ್ಷ ಸಂಸಾರ ಮಾಡಿದವನು, ಕಿಟಕಿಯಾಚೆಯ ಮರದ ಹಸಿರು ಹೊಗಳಿದೆ. ಅವಳಿಗೆ ಅರ್ಥವಾಯಿತು. ಎದ್ದು ಬಂದು ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿದಳು.

"ಬೇಸಿನ್ನು ನೋಡೋಕೆ ಅದು ಇಟ್ಕೊಳ್ಳಿ. ನನ್ನ ನೋಡೋಕೆ ಹಳೇದೇ ಸಾಕು."

ಎಡಗಣ್ಣಿನಲ್ಲಿ ಅವಳು ಸಂಜೆ ಬಿಸಿಲಿನಲ್ಲಿ ನಿಂತವಳ ಹಾಗಿದ್ದಳು. ಗೆರೆಗಳೆಲ್ಲ ಮೆತ್ತಗಾಗಿ, ಕೆನ್ನೆ ಬಂಗಾರವಾಗಿ. ಮುಂದಿನ ತಿಂಗಳ ನಂತರ ಈ ಬಣ್ಣ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅನ್ನುವುದು ಆಗ ಹೊಳೆಯಿತು.

"ಹಾಗೇ ಇರು," ಅಂದೆ, "ಅಲ್ಲಾಡಬೇಡ." ಕೈ ಚಾಚಿ ಮೇಜಿನ ಮೇಲಿನ ಕ್ಯಾಮೆರಾ ತಗೊಂಡೆ. ಅವಳು ಅಂಗೈ ತೆಗೆಯಲಿಲ್ಲ. ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದದ್ದು ಜೀವಮಾನದಲ್ಲಿ ಇದೇ ಮೊದಲು. ತೆಗೆದೆ.

ಸ್ಟುಡಿಯೋಗೆ ಹೋಗಿ ಪರದೆಗೆ ಹಾಕಿಸಿ ನೋಡಿದರೆ ಎಲ್ಲ ಸರಿಯಾಗಿತ್ತು: ಬಿಳಿ ಬಿಳಿಯಾಗಿ, ನರೆ ನರೆಯಾಗಿ. ಕ್ಯಾಮೆರಾಕ್ಕೆ ಪೊರೆ ಇಲ್ಲವಲ್ಲ.

"ಇದಕ್ಕೆ ಸ್ವಲ್ಪ ಹಳದಿ ಹಾಕಮ್ಮ," ಅಂದೆ.

ಮಗಳು ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದಳು. "ಎಷ್ಟಪ್ಪಾ?"

"ಎಡಗಣ್ಣಿನಷ್ಟು."